ಸೊಂಟ ನೋವು ಅಂದರೆ ಹಳ್ಳ

ಆ ಶೆಡ್ಡಿನಲ್ಲಿ ಉದ್ದನೆಯ ಉಕ್ಕಿನ ಅಳತೆಪಟ್ಟಿ ಇದ್ದದ್ದು ಒಂದೇ ಒಂದು. ಬಾಗಿಲ ಪಕ್ಕ ಮೊಳೆ ಹೊಡೆದು ಅದನ್ನು ನೇತುಹಾಕಿ ಇಪ್ಪತ್ತು ವರ್ಷವಾಗಿತ್ತು. ಜೇಡಗಳು ಅದರ ಮೇಲೆ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕಂಡಿದ್ದವು. ಅದನ್ನು ಮುಟ್ಟುವ ಕೆಲಸವೇ ಯಾರಿಗೂ ಬಿದ್ದಿರಲಿಲ್ಲ, ಯಾಕೆಂದರೆ ಅಲ್ಲಿ ಅಂಗೈ ಇದ್ದ.

ಅಂಗೈ ಅನ್ನುವುದು ಒಬ್ಬ ಮನುಷ್ಯನ ಹೆಸರು. ಮನೆಯವರು ಇಟ್ಟ ಹೆಸರು ಬೇರೆ ಏನೋ ಇತ್ತು, ಅದು ಅವನಿಗೇ ಮರೆತುಹೋಗಿರಬೇಕು. ರೇಸ್ ಬೋಟಿನ ತಳ ತಿದ್ದುವುದು ಅವನ ಕೆಲಸ. ಬೋಟನ್ನು ಮಗುಚಿ ಹಾಕಿ, ತಳ ಉಜ್ಜಿ, ಹೆರೆಯುವಲ್ಲಿ ಹೆರೆದು, ತುಂಬುವಲ್ಲಿ ಪುಟ್ಟಿ ತುಂಬಿ ಕೊಟ್ಟನೆಂದರೆ ಅದೇ ಬೋಟು, ಅದೇ ಇಂಜಿನ್ನು, ಆದರೆ ಓಟವೇ ಬೇರೆ! ದಡದಲ್ಲಿ ನಿಂತ ಜನ ಇಂಜಿನ್ನನ್ನೇ ಹೊಗಳುತ್ತಾರೆ, ಸದ್ದು ಮಾಡುವುದು ಅದೇ ಅಲ್ಲವೇ. ಗೆಲ್ಲುವುದು ಮಾತ್ರ ತಳ. ಅದರಲ್ಲೂ ಹಿಂಬದಿಯ ಮೂರು ಮೊಳ. ಪೂರಾ ವೇಗಕ್ಕೆ ಬಂದ ಬೋಟು ನೀರಿಗೆ ತಾಗಿಕೊಂಡಿರುವುದು ಅಷ್ಟೇ ಜಾಗದಲ್ಲಿ, ಉಳಿದದ್ದೆಲ್ಲ ಗಾಳಿಯಲ್ಲಿ. ಆ ಮೂರು ಮೊಳ ನೂಲು ಎಳೆದು ಹಿಡಿದ ಹಾಗೆ ನೇರವಾಗಿರಬೇಕು. ಅಲ್ಲಿ ಹಳ್ಳ ಇದ್ದರೆ ಬೋಟಿನ ಮೂತಿ ಬಗ್ಗಿ ನೀರು ಉಳುತ್ತದೆ. ದಿಣ್ಣೆ ಇದ್ದರೆ ಮೂತಿ ಮೇಲೆ ಕೆಳಗೆ ಕುಣಿಯುತ್ತದೆ, ತಿರುವಿನಲ್ಲಂತೂ ಓಡಿಸುವವನ ಮಾತೇ ಕೇಳುವುದಿಲ್ಲ.

ಈ ಹಳ್ಳ ದಿಣ್ಣೆಗಳನ್ನು ಅಂಗೈ ಬರೀ ಕೈಯಿಂದ ಹುಡುಕುತ್ತಿದ್ದ. ಒಮ್ಮೆ ಶೆಡ್ಡಿನ ಯಜಮಾನರು ಪರೀಕ್ಷೆ ಮಾಡಲೆಂದು ತಳಕ್ಕೆ ಎರಡು ಬೆರಳಗಲ ಅಂಟುಪಟ್ಟಿ ಹಚ್ಚಿಸಿ ಮೇಲೆ ಎರಡು ಸಲ ಬಣ್ಣ ಹೊಡೆಸಿದ್ದರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಇವನು ಆಚೆ ನೋಡುತ್ತಾ, ಯಾರ ಜೊತೆಯೋ ಹರಟುತ್ತಾ ಕೈ ಆಡಿಸಿದವನು ತಟ್ಟನೆ ನಿಂತ. "ಯಾವ ಕುರುಡ ಬಣ್ಣ ಹೊಡೆದೋನು? ಒಳಗೆ ಪಟ್ಟಿ ಬಿಟ್ಟಿದ್ದಾನೆ" ಅಂದ.

ಕೈ ಎಷ್ಟು ಮೆತ್ತಗಿತ್ತೋ ಬಾಯಿ ಅಷ್ಟೇ ಒರಟು, ಮರ ಉಜ್ಜುವ ಉಪ್ಪುಕಾಗದ. ಒಂದು ಸಲ ಇಂಜಿನ್ ಮೇಸ್ತ್ರಿ, ಅಂಗೈ ಊಟಕ್ಕೆ ಹೋದಾಗ, ಸುಮ್ಮನೆ ಕುತೂಹಲಕ್ಕೆ ಆ ಅಳತೆಪಟ್ಟಿ ಇಳಿಸಿ ತಳದ ಮೇಲೆ ಇಟ್ಟು ನೋಡಿದ್ದ. ಅಷ್ಟರಲ್ಲಿ ವಾಪಸು ಬಂದ ಅಂಗೈ ಅದನ್ನು ಕಂಡುಬಿಟ್ಟ. ಇಡೀ ಶೆಡ್ಡನ್ನು ಕರೆದು ಸುತ್ತ ನಿಲ್ಲಿಸಿದ.

"ಏನಪ್ಪಾ, ನನ್ನ ಕೈ ಮೇಲೆ ಅನುಮಾನವಾ? ಪಟ್ಟಿ ಯಾಕೆ, ನಾಲಿಗೆ ಹಾಕಿ ನೋಡು. ಬಗ್ಗು. ನೆಕ್ಕು ನೋಡೋಣ, ಎಲ್ಲಿ ಹಳ್ಳ ಸಿಗುತ್ತೆ ಹೇಳು."

ಯಜಮಾನರೂ ನಗುತ್ತಾ ನಿಂತಿದ್ದರು. ಮೇಸ್ತ್ರಿ ಬಗ್ಗಿದ. ನಾಲಿಗೆ ಹಾಕಿದನೋ ಇಲ್ಲವೋ, ಎದ್ದಾಗ ಮೂಗಿನ ತುದಿಯಲ್ಲಿ ಪುಟ್ಟಿಯ ಬಿಳಿ ಪುಡಿ ಇತ್ತು. ಅವತ್ತಿನಿಂದ ಅವನು ಒಂದು ದಿನಕ್ಕಾಗಿ ಕಾಯುತ್ತಿದ್ದ.

ಮೂವತ್ತು ವರ್ಷ ಉಜ್ಜುವ ಮೆಷಿನ್ನು ಹಿಡಿದ ಕೈ ಅದು. ಆ ಮೆಷಿನ್ನು ಗಿರ್ರೆಂದು ನಡುಗುತ್ತಾ ಮೂಳೆಯ ಒಳಗಿನ ತನಕ ತಿನ್ನುತ್ತದೆ. ಮೊದಮೊದಲು ಬೆಳಗಿನ ಚಳಿಗೆ ಬೆರಳ ತುದಿ ಬೆಳ್ಳಗಾಗುತ್ತಿತ್ತು. ಆಮೇಲೆ ಬೆರಳೆಲ್ಲ ಜೋಮು. ಒಂದು ದಿನ ಅಡುಗೆಮನೆಯಲ್ಲಿ ಒಲೆಯಿಂದ ಆಗತಾನೇ ಇಳಿಸಿದ ಲೋಟವನ್ನು ಎತ್ತಿ ಹಿಡಿದುಕೊಂಡು ಮಾತಾಡುತ್ತಲೇ ಇದ್ದ.

"ರೀ, ಕೈ! ಕೈ ಸುಡ್ತಿದೆ!" ಎಂದು ಹೆಂಡತಿ ಕಿರುಚಿದಳು.

ಅವನು ಲೋಟ ನೋಡಿದ. ಕೈ ನೋಡಿದ. ಆಮೇಲೆ ಬಾಗಿಲು ಹಾಕಿ ಬಾ ಎಂದ. ನೆಲದ ಮೇಲೆ ಒಂದು ಉಪ್ಪಿನ ಹರಳು ಇಟ್ಟು, ಅದರ ಮೇಲೆ ದಿನಪತ್ರಿಕೆ ಹಾಸಿ, ಕಣ್ಣು ಮುಚ್ಚಿಕೊಂಡು ಸವರತೊಡಗಿದ. ಮೂರು ಸಲ ಹರಳಿನ ಮೇಲೇ ಕೈ ಹೋಯಿತು, ಮೂರು ಸಲವೂ ದಾಟಿಹೋಯಿತು. ಅವಳು ಪಕ್ಕದಲ್ಲಿ ಕೂತು ನೋಡುತ್ತಿದ್ದವಳು ಸುಮ್ಮನೆ ಕೈ ಚಾಚಿ, "ಇಲ್ಲಿದೆಯಲ್ಲ" ಅಂದಳು. ಅವಳು ಮದುವೆಗೆ ಮುಂಚೆ ಇಸ್ತ್ರಿ ಅಂಗಡಿಯಲ್ಲಿ ಎಂಟು ವರ್ಷ ನಿಂತವಳು. ಬಟ್ಟೆಯ ಒಂದು ಸುಕ್ಕು ಅವಳ ಕೈಯಿಂದ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ.

ಅವನ ಕೈ ಕೈಕೊಟ್ಟಿತ್ತು. ಆದರೆ ಅದು ಶೆಡ್ಡಿಗೆ ಗೊತ್ತಾಗಬಾರದು. ಗೊತ್ತಾದರೆ ಅಂಗೈ ಎನ್ನುವ ಹೆಸರೂ ಹೋಯಿತು, ತಳದ ಪಕ್ಕ ನಿಲ್ಲುವ ಜಾಗವೂ ಹೋಯಿತು. ಗೋಡೆಯ ಪಟ್ಟಿ ಇಳಿಸಿ ಅಳೆಯಬಹುದಿತ್ತಲ್ಲ ಎನ್ನುತ್ತೀರಿ. ಇಪ್ಪತ್ತು ವರ್ಷ ಅದಕ್ಕೆ ಉಗಿದವನು ಯಾವ ಮುಖ ಇಟ್ಟುಕೊಂಡು ಇಳಿಸುತ್ತಾನೆ? ಇಳಿಸಿದ ದಿನವೇ ಮೇಸ್ತ್ರಿಗೆ ಗೊತ್ತಾಗುತ್ತಿತ್ತು.

ಹಾಗಾಗಿ ಹೆಂಡತಿ ದಿನಾ ಮಧ್ಯಾಹ್ನ ಊಟದ ಡಬ್ಬಿ ತರತೊಡಗಿದಳು. ಅವನು ಉಣ್ಣುವಾಗ ಅವಳು ತೆಳ್ಳನೆಯ ಹಳೇ ಬಟ್ಟೆಯೊಂದು ಹಿಡಿದು ಬೋಟಿನ ತಳದ ಧೂಳು ಒರೆಸುತ್ತಿದ್ದಳು. ಪಾಪ, ಗಂಡನ ಕೆಲಸ ಹಗುರ ಮಾಡುತ್ತಾಳೆ ಎಂದುಕೊಂಡರು ಜನ. ಬರಿಗೈಗಿಂತ ತೆಳ್ಳನೆ ಬಟ್ಟೆಯ ಮೇಲಿನಿಂದ ಸವರಿದರೆ ಉಬ್ಬುತಗ್ಗು ಇನ್ನೂ ಚೆನ್ನಾಗಿ ತಿಳಿಯುತ್ತದೆ ಎನ್ನುವುದು ಅವಳಿಗೆ ಇಸ್ತ್ರಿ ಮೇಜಿನಿಂದ ಗೊತ್ತಿತ್ತು. ಹಳ್ಳ ಸಿಕ್ಕಿದ ಕಡೆ ನಿಂತು "ಅಯ್ಯೋ, ಸೊಂಟ ನೋವು" ಅನ್ನಬೇಕು. ದಿಣ್ಣೆ ಸಿಕ್ಕಿದರೆ "ಅಯ್ಯೋ, ತಲೆ ನೋವು". ಒಂದು ಅಯ್ಯೋ ಅಂದರೆ ಸ್ವಲ್ಪ, ಎರಡು ಅಂದರೆ ಜಾಸ್ತಿ. ಇದಿಷ್ಟು ಅವನೇ ಕಟ್ಟಿಕೊಟ್ಟ ಗುಟ್ಟಿನ ಭಾಷೆ.

ಐದು ವರ್ಷ ನಡೆಯಿತು! ಐದು ವರ್ಷ ಆ ಶೆಡ್ಡಿನಿಂದ ಇಳಿದ ಒಂದೊಂದು ಬೋಟೂ ಬಾಣ. ತಿರುವಿನಲ್ಲಿ ಹಳಿಯ ಮೇಲೆ ಹೋದ ಹಾಗೆ ಹೋಗುತ್ತಿದ್ದವು. ದಡದಲ್ಲಿ ಜನ "ಅಂಗೈ, ಅಂಗೈ" ಎಂದು ಕೂಗುತ್ತಿದ್ದರು, ಅವನು ಆ ಸತ್ತ ಕೈಯನ್ನೇ ಎತ್ತಿ ಬೀಸುತ್ತಿದ್ದ. ಅವಳಿಗೆ ಸಿಕ್ಕಿದ್ದು ಒಂದು ಅಡ್ಡಹೆಸರು: ನೋವಮ್ಮ.

"ಬಂತಪ್ಪಾ ಆಸ್ಪತ್ರೆ" ಅನ್ನುತ್ತಿದ್ದ ಮೇಸ್ತ್ರಿ, ಅವಳು ಗೇಟಿನಲ್ಲಿ ಕಾಣುತ್ತಲೇ. "ಅತ್ತಿಗೆ, ಇವತ್ತು ಯಾವ ಬಿಡಿಭಾಗ ಕೆಟ್ಟಿದೆ? ಸೊಂಟವೋ ತಲೆಯೋ? ಹೇಳಿ, ಸ್ಪ್ಯಾನರ್ ತರ್ತೀನಿ."

ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅಂಗೈ. "ಗುಜರಿಗೆ ಹಾಕೋಣ ಅಂದ್ರೆ ಅವರೂ ತಗೊಳ್ಳಲ್ಲ ಕಣೋ ಇದನ್ನ" ಅನ್ನುತ್ತಿದ್ದ. ಅನುಮಾನ ಬರಬಾರದಲ್ಲ, ಅದಕ್ಕೆ ಎಂದು ಮೊದಲು ಅವಳಿಗೆ ಹೇಳಿಕೊಂಡಿದ್ದ. ಆಮೇಲೆ ಹೇಳುವುದನ್ನೂ ಬಿಟ್ಟ.

ಮನೆಯಲ್ಲಿ ಇನ್ನೊಂದು ಕಟ್ಟಳೆ. ಸಾಲುಮನೆ ಅದು, ಒಂದೇ ಇಟ್ಟಿಗೆಯ ಗೋಡೆ, ಆಚೆ ಕಡೆ ಇದೇ ಇಂಜಿನ್ ಮೇಸ್ತ್ರಿಯ ಸಂಸಾರ. ಅವನು ಕೆಮ್ಮಿದರೆ ಇವರಿಗೆ ಎಚ್ಚರವಾಗುತ್ತಿತ್ತು. ಹಾಗಾಗಿ ಮನೆಯಲ್ಲಿ ಶೆಡ್ಡಿನ ಮಾತು ಎತ್ತಬಾರದು. ಸೊಂಟ, ತಲೆ, ನೋವು ಎಂಬ ಮಾತುಗಳನ್ನಂತೂ ಬಾಯಿಗೇ ತರಬಾರದು. "ಅವು ಕೆಲಸದ ಮಾತು. ಮನೇಲಿ ಆಡಿ ಆಡಿ ಸವೆಸಬೇಡ" ಅಂದಿದ್ದ. ಐದು ವರ್ಷದಲ್ಲಿ ಅವಳಿಗೆ ಮನೆಯಲ್ಲಿ ಒಂದು ದಿನವೂ ತಲೆನೋವು ಬರಲಿಲ್ಲ. ಬಂದರೂ ಬರಲಿಲ್ಲ.

ಹೀಗಿರುವಾಗ ಯಜಮಾನರ ಅಳಿಯನಿಗೆ ಬೋಟ್ ರೇಸಿನ ಹುಚ್ಚು ಹಿಡಿಯಿತು. ಆ ವರ್ಷದ ಪಂದ್ಯಕ್ಕೆ ಅವನೇ ಓಡಿಸುತ್ತಾನಂತೆ, ಬೋಟು ಶೆಡ್ಡಿನ ಹಳೇ ಕೆಂಪು ಬೋಟು.

"ನೋಡೋ ಅಂಗೈ" ಎಂದರು ಯಜಮಾನರು. "ನನ್ನ ಮಗಳ ಗಂಡ ಕೂತ್ಕೊಳ್ಳೋ ಬೋಟು. ಇವತ್ತಿನ ತನಕ ಮಾಡಿದ್ದೆಲ್ಲ ಒಂದು, ಇದೊಂದು. ತಳದಲ್ಲಿ ಹೆಚ್ಚುಕಮ್ಮಿ ಆಯ್ತೋ, ನಿನ್ನ ಕೈ ನೀನೇ ಕತ್ತರಿಸಿ ಈ ಮೇಜಿನ ಮೇಲಿಟ್ಟು ಹೋಗಬೇಕು."

"ಇಡ್ತೀನಿ ಬಿಡಿ ಯಜಮಾನ್ರೇ" ಎಂದ ಇವನು.

ಹನ್ನೊಂದು ದಿನದ ಕೆಲಸ. ಕೆಂಪು ಬೋಟನ್ನು ಮಗುಚಿ ಮರದ ಅಡ್ಡೆಗಳ ಮೇಲೆ ಮಲಗಿಸಿದರು. ಹಳೇ ಬಣ್ಣವನ್ನೆಲ್ಲ ಹೆರೆದ. ಹಿಂದಿನ ಅಂಚು ಹಳೇ ಸೋಪಿನ ಹಾಗೆ ದುಂಡಗಾಗಿತ್ತು. ದುಂಡಗಿದ್ದರೆ ನೀರು ಅಲ್ಲಿಂದ ಬಿಟ್ಟುಹೋಗದೆ ಅಂಟಿಕೊಂಡು ಹಿಂದಕ್ಕೆ ಎಳೆಯುತ್ತದೆ. ಅದನ್ನು ಪುಟ್ಟಿಯಿಂದ ಕಟ್ಟಿ, ಕತ್ತಿಯಂತೆ ಚೂಪು ಮಾಡಿದ. ತಳದ ಉದ್ದಕ್ಕೂ ಇರುವ ಉಬ್ಬುಪಟ್ಟೆಗಳ ಮೂಲೆಗಳನ್ನು ಹಿಂದಿನ ಅರ್ಧ ಮಾತ್ರ ಚೂಪು ಮಾಡಿ ಮುಂದಿನ ಅರ್ಧ ಹಾಗೇ ಬಿಟ್ಟ, ಮುಂದೆ ಚೂಪಾದರೆ ತಿರುವಿನಲ್ಲಿ ನೀರಿಗೆ ಕಚ್ಚಿಕೊಂಡು ಬೋಟು ಮಗುಚುತ್ತದೆ. ಭಾರದ ಬ್ಯಾಟರಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ. ಇದಕ್ಕೆಲ್ಲ ಕಣ್ಣು ಸಾಕು, ಕಣ್ಣು ಅವನಿಗೆ ಚೆನ್ನಾಗಿಯೇ ಇತ್ತು. ಆ ಮೂರು ಮೊಳ ಮಾತ್ರ ಅವಳದು. ಎಂಟನೆಯ ದಿನದ ಹೊತ್ತಿಗೆ ಅವಳು ಎರಡು ಸಲ ಬಟ್ಟೆ ಎಳೆದು, ಒಂದು ಅಯ್ಯೋ ಕೂಡ ಅನ್ನದೆ ಡಬ್ಬಿ ತೊಳೆದುಕೊಂಡು ಹೋಗಿದ್ದಳು. ಅಂದರೆ ನೇರ. ಇನ್ನು ಬಣ್ಣ ಹೊಡೆಯುವುದೊಂದು ಬಾಕಿ.

ಒಂಬತ್ತನೆಯ ದಿನ ಬಣ್ಣಕ್ಕೆ ಮುಂಚೆ ಕೊನೆಯ ಸಲ ಒರೆಸುತ್ತಿದ್ದಳು. ಎಡ ಹಿಂಬದಿಗೆ, ಅಂಚಿಗಿಂತ ಒಂದು ಗೇಣು ಮುಂದೆ ಬಂದವಳು ಇದ್ದಕ್ಕಿದ್ದ ಹಾಗೆ ಎರಡೂ ಕೈಯಿಂದ ಬೋಟು ಹಿಡಿದುಕೊಂಡಳು.

"ಅಯ್ಯೋ... ಅಯ್ಯೋ, ಅಯ್ಯೋ. ಸೊಂಟ ನೋವು ರೀ."

ಮೂರು ಅಯ್ಯೋ! ಐದು ವರ್ಷದಲ್ಲಿ ಮೂರು ಬಂದಿರಲಿಲ್ಲ. ಅಂಗೈ ತುತ್ತನ್ನು ವಾಪಸು ಡಬ್ಬಿಗೆ ಹಾಕಿದ. ನಿನ್ನೆ ನೇರ ಇದ್ದದ್ದು ಇವತ್ತು ಹೇಗೆ ಹಳ್ಳ ಬಿತ್ತು? ಪುಟ್ಟಿ ಒಣಗುವಾಗ ಒಳಕ್ಕೆ ಎಳೆದುಕೊಂಡಿತೋ ಏನೋ ಎಂದುಕೊಂಡ. ಅದೂ ಆಗುವುದುಂಟು. ಅವಳು ಗೇಟು ದಾಟುತ್ತಲೇ ಪುಟ್ಟಿ ಕಲಸಿ ಆ ಜಾಗಕ್ಕೆ ದಪ್ಪಗೆ ಎಳೆದ.

ಸಂಜೆ ಮನೆಯಲ್ಲಿ ಅವಳು ಗೋಡೆಗೆ ಒರಗಿ ಕೂತಿದ್ದಳು. ಮುಖವೆಲ್ಲ ಬೆವರು.

"ರೀ, ನನಗೆ ಸೊಂಟದ ಹತ್ರ..."

"ಶ್!" ಅವನು ಪಕ್ಕದ ಗೋಡೆಯ ಕಡೆ ಕಣ್ಣು ತಿರುಗಿಸಿದ. "ಗೊತ್ತಾಯ್ತು. ತುಂಬಿ ಆಗಿದೆ."

"ಏನು ತುಂಬಿ ಆಗಿದೆ? ನಾನು ಹೇಳ್ತಿರೋದು..."

"ಮನೇಲಿ ಆ ಮಾತು ಬೇಡ ಅಂತ ಎಷ್ಟು ಸಲ ಬಡ್ಕೋಬೇಕೇ ನಿಂಗೆ? ಬಾಯಿ ಮುಚ್ಕೊಂಡು ಬಿದ್ಕೋ."

ಅವಳು ಬಾಯಿ ಮುಚ್ಚಿಕೊಂಡಳು.

ಹತ್ತನೆಯ ದಿನ ಡಬ್ಬಿ ತಂದಳು. ಬಟ್ಟೆ ಹಿಡಿಯಲು ಆಗಲಿಲ್ಲ. ಎಡ ಹಿಂಬದಿಯಲ್ಲಿ ಒಂದು ಸ್ಟೂಲಿತ್ತು, ಅದರ ಮೇಲೆ ಕುಸಿದು, ಬಿದ್ದುಹೋಗದ ಹಾಗೆ ಬೋಟಿಗೆ ಕೈ ಕೊಟ್ಟಳು. ಕೈ ಬಿದ್ದದ್ದು ಅದೇ ಜಾಗದ ಮೇಲೆ.

"ಸೊಂಟ ನೋವು" ಎಂದಳು, ಉಸಿರಿನಲ್ಲೇ.

ಅಂಗೈ ಹತ್ತಿರ ಬಂದ. ಸುತ್ತ ಜನ. "ಯಾಕೆ, ನಿನ್ನೇದು ಹೋಗಿಲ್ವಾ?"

"ಇಲ್ಲ ರೀ. ಜಾಸ್ತಿ ಆಗಿದೆ."

"ಅದೇ ಜಾಗದಲ್ಲಾ?"

"ಅದೇ ಜಾಗ. ಒಳಗಿಂದ ಎಳೀತಿದೆ."

"ನೋಡ್ರಪ್ಪಾ" ಎಂದ ಮೇಸ್ತ್ರಿ, "ನಮ್ಮ ಅತ್ತಿಗೆ ನೋವಿಗೂ ಸೀಟ್ ನಂಬರ್ ಇದೆ! ಕದಲೋದೇ ಇಲ್ಲ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಅಂಗೈಯೂ ನಕ್ಕ. ಒಳಗಿಂದ ಎಳೆಯುತ್ತಿದೆ ಅಂದರೆ ಪುಟ್ಟಿ ಇನ್ನೂ ಕುಗ್ಗುತ್ತಿದೆ ಎಂದು ಲೆಕ್ಕ ಹಾಕಿ, ಅವಳು ಕಾಲೆಳೆಯುತ್ತಾ ಹೋದ ಮೇಲೆ ಇನ್ನೊಂದು ಸಲ ತುಂಬಿದ. ಉಜ್ಜಿದ. ಕೈ ಆಡಿಸಿ, ತಲೆ ಆಡಿಸಿ, ಬಣ್ಣ ಹೊಡೆಯಿರಿ ಎಂದ.

ಹನ್ನೊಂದನೆಯ ದಿನ ಬೆಳಿಗ್ಗೆ ಅವಳಿಗೆ ಮೈ ಕಾದ ಹೆಂಚು. ನಡುಗುತ್ತಿದ್ದಳು. ಅವತ್ತೇ ಬೋಟು ನೀರಿಗಿಳಿಸಿ ಓಡಿಸಿ ನೋಡುವ ದಿನ. ಬಸ್ಸಿನಲ್ಲಿ ಅವಳನ್ನು ಆಸ್ಪತ್ರೆಯ ಗೇಟಿನ ತನಕ ಕರೆದುಕೊಂಡು ಹೋದ. ಚೀಟಿ ಮಾಡಿಸುವ ಸಾಲು ಗೇಟಿನ ಹೊರಗಿನ ತನಕ ಬಂದಿತ್ತು.

"ನೀನು ಇಲ್ಲಿ ನಿಂತಿರು. ಬೋಟು ಇಳಿಸಿ ಬಂದೆ."

"ನಿಲ್ಲೋಕೆ ಆಗ್ತಿಲ್ಲ ರೀ."

"ಹಾಗಾದ್ರೆ ಕೂತಿರು" ಎಂದು ವಾಪಸು ಹೋಗುವ ಬಸ್ಸು ಹತ್ತಿದ.

ಆ ಬೋಟು ಹೊರಟ ರೀತಿ ನೋಡಬೇಕಿತ್ತು! ಮೂತಿ ಎತ್ತಿ, ಎರಡು ಉಸಿರಿನೊಳಗೆ ನೀರು ಬಿಟ್ಟು ಮೇಲೆದ್ದಿತು. ದಡದಲ್ಲಿ ಜನ ಕೂಗಿದರು. ಅಂಗೈ ಕೈ ಎತ್ತಿದ. ಅಷ್ಟರಲ್ಲಿ ಮೂತಿ ಒಂದು ಸಲ ಕೆಳಗೆ ಬಡಿಯಿತು. ಮತ್ತೆ ಎದ್ದಿತು, ಮತ್ತೆ ಬಡಿಯಿತು. ವೇಗ ಹೆಚ್ಚಾದಷ್ಟೂ ಕುಣಿತ ಹೆಚ್ಚು. ಮೇಸ್ತ್ರಿ ದಡದಿಂದ "ಇಂಜಿನ್ ಇಳ್ಸಿ, ಇಳ್ಸಿ!" ಎಂದು ಬಡಿದುಕೊಂಡ. ಅಳಿಯನಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ಇಷ್ಟು ಜನರ ಮುಂದೆ ಇಳಿಸುವ ಜಾತಿಯಲ್ಲ ಅವನು. ಎರಡನೆಯ ತಿರುವಿನಲ್ಲಿ ಮೂತಿ ಗಾಳಿಯಲ್ಲಿದ್ದಾಗಲೇ ಚುಕ್ಕಾಣಿ ಚಕ್ರ ತಿರುಗಿಸಿದ. ಬೋಟು ಪಕ್ಕಕ್ಕೆ ಜಾರಿ ಅವನನ್ನು ಎತ್ತಿ ಒಗೆಯಿತು. ಹಾರುವಾಗ ಬಾಯಿ ಎದುರಿನ ಗಾಜಿಗೆ ಬಡಿದಿತ್ತು. ಎಳೆದು ತಂದಾಗ ಮುಂದಿನ ನಾಲ್ಕು ಹಲ್ಲು ಇರಲಿಲ್ಲ.

ಬೋಟನ್ನು ದಡಕ್ಕೆ ಎಳೆದು ಅಲ್ಲೇ ಮಗುಚಿದರು. ಯಾರೂ ಹೇಳಲಿಲ್ಲ, ಮೇಸ್ತ್ರಿ ತಾನಾಗಿ ಶೆಡ್ಡಿಗೆ ಹೋಗಿ ಬಂದ. ಕೈಯಲ್ಲಿ ಆ ಅಳತೆಪಟ್ಟಿ. ಬರುತ್ತಾ ಬರುತ್ತಾ ತನ್ನ ಅಂಗಿಯಿಂದಲೇ ಜೇಡರ ಬಲೆ ಒರೆಸುತ್ತಿದ್ದ, ಮಗುವಿನ ಮುಖ ಒರೆಸಿದ ಹಾಗೆ. ತಳದ ಮೇಲೆ ಇಟ್ಟ. ಎಡ ಹಿಂಬದಿಯಲ್ಲಿ ಪಟ್ಟಿ ತೊಟ್ಟಿಲಿನ ಹಾಗೆ ಆಚೀಚೆ ತೂಗಿತು. ಎರಡೂ ತುದಿಯ ಕೆಳಗೆ ಬೆಳಕು.

"ದಿಣ್ಣೆ" ಎಂದ ಮೇಸ್ತ್ರಿ. "ಕುರುಡನಿಗೂ ಕಾಣೋ ದಿಣ್ಣೆ."

"ಪಟ್ಟಿ ಡೊಂಕಿದೆ" ಎಂದ ಅಂಗೈ.

"ಹೌದಾ? ಸರಿ, ಕೈಯಿಂದಾನೇ ನೋಡು. ಯಜಮಾನ್ರೇ, ನಿಮ್ಮ ಟವೆಲ್ ಕೊಡಿ." ಟವೆಲಿನಿಂದ ಅಂಗೈಯ ಕಣ್ಣು ಕಟ್ಟಿದ. "ಕೈ ಅಂಗಾತ ಚಾಚು. ಏನೋ ಇಡ್ತೀನಿ, ಏನು ಅಂತ ಹೇಳು. ನೀನು ಅಂಗೈ ಅಲ್ವಾ?"

ಮೇಸ್ತ್ರಿಯ ತುಟಿಯಲ್ಲಿ ಸಿಗರೇಟಿತ್ತು. ಅದನ್ನು ತೆಗೆದು, ಉರಿಯುವ ತುದಿಯನ್ನು ಆ ಚಾಚಿದ ಕೈಯ ನಡುವೆ ಒತ್ತಿದ.

"ಏನಿದೆ ಹೇಳು."

"ಏನಿದೆ? ಏನೂ ಇಲ್ಲ" ಎಂದ ಅಂಗೈ. "ಆಟ ಆಡ್ತೀಯಾ? ಖಾಲಿ ಕೈ."

ಯಾರೋ ಒಬ್ಬರು ಮೊದಲು ನಕ್ಕರು. ಆಮೇಲೆ ತಡೆಯಲೇ ಇಲ್ಲ. ಅವನು ಟವೆಲು ಕಿತ್ತು ಕೈ ನೋಡಿಕೊಂಡ. ಚರ್ಮ ಕಪ್ಪಗೆ ಸುಟ್ಟಿತ್ತು. ಆಗ ಅವನ ಬಾಯಿಂದ ಬಂದ ಮಾತು ಇದು:

"ಅವಳೇ ಹೇಳಿದ್ದು. ಹಳ್ಳ ಇದೆ ಅಂತ ಅವಳೇ ಹೇಳಿದ್ದು. ನಂದೇನೂ ಇಲ್ಲ, ಕೈ ಅವಳದು. ಸೊಂಟ ನೋವು ಅಂದ್ರೆ ಹಳ್ಳ. ಮೂರು ಸಲ ಅಯ್ಯೋ ಅಂದ್ಲು, ಬೇಕಾದ್ರೆ ಕೇಳಿ!"

ಹೀಗೆ ಐದು ವರ್ಷದ ಗುಟ್ಟನ್ನು ಒಂದೇ ಉಸಿರಿಗೆ ಉಗುಳಿದ. ಯಜಮಾನರೊಬ್ಬರು ಮಾತ್ರ ನಗಲಿಲ್ಲ.

"ಅಂದ್ರೆ, ಐದು ವರ್ಷ ನನ್ನ ಬೋಟು ಗೆಲ್ಲಿಸಿದ್ದು ಆ ನೋವಮ್ಮನ ಕೈ."

ಅಂಗೈ ಸುಟ್ಟ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ನಿನ್ನ ಕೈ ಕತ್ತರಿಸಿ ಇಡು ಅಂದಿದ್ದೆ. ಏನು ಮಾಡೋದು ಅದನ್ನ ಇಟ್ಕೊಂಡು, ಕಸ. ಅವಳನ್ನ ಕಳ್ಸು. ನಾಳೆಯಿಂದ ತಳ ನೋಡೋದು ಅವಳು. ನೀನು ಮಧ್ಯಾಹ್ನ ಡಬ್ಬಿ ತಗೊಂಡು ಬಾ."

ಆಸ್ಪತ್ರೆಗೆ ಅವನು ಬಂದದ್ದು ಮರುದಿನ ಬೆಳಿಗ್ಗೆ. ಸಾಲಿನಲ್ಲಿ ಕುಸಿದವಳನ್ನು ಯಾರೋ ಅಪರಿಚಿತರು ಒಳಗೆ ಹೊತ್ತುಕೊಂಡು ಹೋಗಿದ್ದರು. ಒಂದು ಕಿಡ್ನಿಯಲ್ಲಿ ಕಲ್ಲು ಸಿಕ್ಕಿಕೊಂಡು ಕೀವು ತುಂಬಿತ್ತು, ಆ ಕಿಡ್ನಿಯನ್ನೇ ತೆಗೆದು ಹಾಕಿದ್ದರು. ಎರಡು ದಿನ ಮೊದಲು ಬಂದಿದ್ದರೆ ಉಳಿಯುತ್ತಿತ್ತು, ನೋವು ಅಂತ ಹೇಳಲೇ ಇಲ್ಲವಾ ಈಕೆ ಎಂದು ಕೇಳಿದರು ಡಾಕ್ಟರು.

ಹಾಸಿಗೆಯ ಪಕ್ಕ ನಿಂತು ಅವನು ಕೇಳಿದ ಮೊದಲ ಪ್ರಶ್ನೆ ಹೇಗಿದ್ದೀಯ ಎಂದಲ್ಲ.

"ಅವತ್ತು ಅಲ್ಲಿ ಹಳ್ಳ ಇತ್ತಾ, ಇರ್ಲಿಲ್ವಾ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಎಲ್ಲಿ?"

"ಎಡಗಡೆ. ಒಂದು ಗೇಣು ಮುಂದೆ. ಸೊಂಟ ನೋವು ಅಂದ್ಯಲ್ಲ!"

ಅವಳು ಚಾವಣಿ ನೋಡುತ್ತಾ ಮಲಗಿದ್ದಳು. ಗೊತ್ತಾಗುತ್ತಾ ಬಂದಂತೆ ಅವಳ ಮುಖದಲ್ಲಿ ಏನೋ ಒಂದು ಗಟ್ಟಿಯಾಗುತ್ತಾ ಹೋಯಿತು, ಪುಟ್ಟಿ ಗಟ್ಟಿಯಾಗುವ ಹಾಗೆ.

"ಬೋಟು ನೇರ ಇತ್ತು" ಎಂದಳು. "ನೂಲು ಹಿಡಿದ ಹಾಗೆ ಇತ್ತು. ನೋವಿದ್ದದ್ದು ನಂಗೆ."

ಎರಡು ತಿಂಗಳ ಮೇಲೆ ಅವಳು ಶೆಡ್ಡಿಗೆ ಹೋದಳು. ಡಬ್ಬಿ ಇಲ್ಲದೆ, ಬಟ್ಟೆ ಒಂದೇ ಹಿಡಿದು. ಸ್ಟೂಲು ಎಳೆದುಕೊಂಡು ಕೂತು, ಕೆಂಪು ಬೋಟಿನ ದಿಣ್ಣೆಯನ್ನು ತಾನೇ ಬೆರಳಿಟ್ಟು ತೋರಿಸಿ ಹೆರೆಸಿದಳು. "ಇಲ್ಲಿ ಹಳ್ಳ", "ಇಲ್ಲಿ ದಿಣ್ಣೆ" ಎಂದು ನೇರವಾಗಿ, ಜೋರಾಗಿ ಹೇಳಿದಳು. ಅಳಿಯ ಹೊಸ ಹಲ್ಲು ಕಟ್ಟಿಸಿಕೊಂಡು ದಡದಲ್ಲೇ ಉಳಿದ, ಪಂದ್ಯದಲ್ಲಿ ಬೇರೆಯವನೊಬ್ಬ ಓಡಿಸಿದ, ಕೆಂಪು ಬೋಟು ಎಲ್ಲರಿಗಿಂತ ಮುಂದೆ ಬಂತು. ಮೇಸ್ತ್ರಿ ಅವಳನ್ನು ಈಗ "ಅಮ್ಮಾ" ಎನ್ನುತ್ತಾನೆ. ಅಳತೆಪಟ್ಟಿ ಮಾತ್ರ ಮೊಳೆಗೆ ವಾಪಸು ಹೋಗಲಿಲ್ಲ. ಕೈಯಿಂದ ನೋಡಿದ ಮೇಲೆ ಪಟ್ಟಿಯನ್ನೂ ಇಟ್ಟು ನೋಡಿ ಎಂದು ಅವಳೇ ಹೇಳುತ್ತಾಳೆ.

ಅವನು ಮಧ್ಯಾಹ್ನ ಡಬ್ಬಿ ತರುತ್ತಾನೆ. ಶೆಡ್ಡಿನಲ್ಲಿ ಅವನ ಹೆಸರು ಈಗ ಡಬ್ಬಿ. "ಡಬ್ಬಿ ಬಂತು" ಎಂದರೆ ಊಟವೂ ಹೌದು, ಅವನೂ ಹೌದು. ಅವಳು ಉಂಡು ಮುಗಿಸುವ ತನಕ ಬಾಗಿಲಲ್ಲಿ ನಿಂತಿರಬೇಕು, ಕೂರಲು ಯಾರೂ ಹೇಳುವುದಿಲ್ಲ.

ಒಂದು ದಿನ ನಿಂತು ನಿಂತು ಸಾಕಾಗಿ, ಬಾಗಿಲ ಚೌಕಟ್ಟಿಗೆ ಒರಗಿದ. "ಸ್ವಲ್ಪ ಬೇಗ ಉಣ್ಣೇ. ಸೊಂಟ ನೋವು."

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. ಅವಳು ತಲೆ ಎತ್ತದೆ, ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು.

"ಎಷ್ಟು ಅಯ್ಯೋ?" ಎಂದು ಕೇಳಿದಳು.

ಅವತ್ತು ಯಜಮಾನರೂ ನಕ್ಕರು. ಆಚೆ ಬೀದಿಯ ತನಕ ಕೇಳಿಸಿತಂತೆ ಆ ನಗು. ಅವಳು ಇನ್ನೊಂದು ತುತ್ತು ಕಲಸಿಕೊಂಡಳು. ಅವನು ಡಬ್ಬಿಯ ಮುಚ್ಚಳ ಹಿಡಿದು ನಿಂತೇ ಇದ್ದ.